ಬಣ್ಣ ಇಳಿದ ಮೇಲಿನ ಕಾಡು

ಈ ವರ್ಷ ನಾನು ಕಾಡಿಗೆ ಹದಿನೆಂಟು ದಿನ ತಡವಾಗಿ ಹೋದೆ. ಫೆಬ್ರವರಿ 3ಕ್ಕೆಂದು ರಜೆ ಕೇಳಿಟ್ಟಿದ್ದೆ. ಕ್ಯಾಮೆರಾ ಹೆಗಲಿಗೇರಿಸಿ ಹೊರಟದ್ದು 21ರ ಬೆಳಿಗ್ಗೆ. ನಡುವಿನ ದಿನಗಳು ಆಯಿಯ, ಅಂದರೆ ನನ್ನ ತಾಯಿಯ, ಕಣ್ಣಿಗೆ ಸಂದವು. ಯಲ್ಲಾಪುರದ ಸಮೀಪದ ನಮ್ಮ ಹಳ್ಳಿಯಿಂದ ಆಕೆಯನ್ನು ಮುಂಬಯಿಯ ಬೋರಿವಲಿಯ ನಮ್ಮ ಮನೆಗೆ ಕರೆತಂದು, ಬಲಗಣ್ಣಿನ ಪೊರೆ ತೆಗೆಸಿ, ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ನಾಲ್ಕು ಸಲ ಔಷಧದ ಹನಿ ಹಾಕುವ ಕೆಲಸ ನನ್ನದಾಗಿತ್ತು. ನಮ್ಮ ಅಡುಗೆಮನೆಯ ಕಿಟಕಿಯಿಂದ ಎರಡು ಕಟ್ಟಡಗಳ ನಡುವೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡದ ಒಂದು ಅಂಚು ಕಾಣುತ್ತದೆ. ಆಯಿಯನ್ನು ಆ ಬೆಳಕಿಗೇ ಕೂರಿಸಿ ಹನಿ ಹಾಕುತ್ತಿದ್ದೆನಾದ್ದರಿಂದ, ದಿನಕ್ಕೆ ಹಲವು ಸಲ ಆ ಅಂಚು ತಾಮ್ರದ ಬಣ್ಣದಿಂದ ಬೂದಿಗೆ ತಿರುಗುವುದನ್ನು ನೋಡುತ್ತಲೇ ಇದ್ದೆ.

ನನ್ನ ಬೆಳಗಿನ ನಡಿಗೆಯ ಜೊತೆಗಾರರು ಒಬ್ಬರಿದ್ದಾರೆ, ದಕ್ಷಿಣ ಕನ್ನಡದವರು, ಮುಂಬಯಿಯ ಮಹಾನಗರಪಾಲಿಕೆಯ ಕನ್ನಡ ಶಾಲೆಯೊಂದರಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ಉದ್ಯಾನದ ಮುಖ್ಯದ್ವಾರದಿಂದ ಒಳಗಿನ ಡಾಂಬರು ರಸ್ತೆಯಲ್ಲಿ ಒಂದು ದಿನವೂ ತಪ್ಪದೆ ನಡೆಯುವ ಅವರು ಫೆಬ್ರವರಿ ನಡುವಿನಲ್ಲಿ ಫೋನು ಮಾಡಿ ಹೇಳಿದರು: "ಎಲ್ಲ ಬಿದ್ದು ಹೋಯ್ತು ಮಾರಾಯ್ರೇ, ಇನ್ನು ನೀವು ಬಂದು ಎಂತ ಮಾಡುದು?" ಆ ಮಾತಿನಲ್ಲಿ ನನ್ನ ಬಗ್ಗೆ ಕನಿಕರವಿತ್ತು. ನನಗೂ ಬೇಸರವಾಗಿತ್ತು. ನಾಲ್ಕು ವರ್ಷಗಳಿಂದ ಬಣ್ಣ ತುಂಬಿ ನಿಂತ ವಾರವನ್ನೇ ಹಿಡಿದು ಚಿತ್ರ ತೆಗೆಯುತ್ತ ಬಂದವನಿಗೆ ಐದನೆಯ ವರ್ಷ ಕೈತಪ್ಪಿತಲ್ಲ ಎಂಬ ಬೇಸರ ಅದು.

ಬಣ್ಣ ತುಂಬಿದ ವಾರ ಎಂಬ ಲೆಕ್ಕಾಚಾರವನ್ನು ನಾನು ಕಲಿತದ್ದು ಚಳಿದೇಶಗಳ ಚಿತ್ರಗಳನ್ನು ನೋಡಿ. ಅಲ್ಲಿ ಹಗಲು ಕಿರಿದಾಗುವುದೂ ಚಳಿ ಏರುವುದೂ ಇಡೀ ಕಾಡಿಗೆ ಒಂದೇ ಹೊತ್ತಿಗೆ ತಿಳಿಯುತ್ತದೆ. ಮರಗಳು ಹೆಚ್ಚು ಕಡಿಮೆ ಒಟ್ಟಿಗೆ ಬಣ್ಣ ತಳೆಯುತ್ತವೆ. ಜಪಾನಿನಲ್ಲಿ ಈ ಬಣ್ಣ ಉತ್ತರದಿಂದ ದಕ್ಷಿಣಕ್ಕೆ ಇಳಿದು ಬರುವುದನ್ನು ಪ್ರತಿವರ್ಷ ಮುಂಚಿತವಾಗಿ ಅಂದಾಜು ಮಾಡಿ ಪ್ರಕಟಿಸುತ್ತಾರೆ. ನಮ್ಮ ಪಶ್ಚಿಮದ ತಪ್ಪಲಿನ ಎಲೆಯುದುರುವ ಕಾಡಿಗೆ ಸೂಚನೆ ಕೊಡುವುದು ಚಳಿಯಲ್ಲ, ನೀರಿನ ಕೊರತೆ. ಮುಂಬಯಿಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಆದರೆ ಅದು ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳನ್ನು ಮರ ತನ್ನ ಬೇರಿನ ಆಳವನ್ನೂ ಕಾಂಡದಲ್ಲಿ ಕೂಡಿಟ್ಟ ನೀರನ್ನೂ ನೋಡಿಕೊಂಡು ದಾಟಬೇಕು. ಎಲೆಯಿಂದ ನೀರು ಆವಿಯಾಗಿ ಹೋಗುವುದನ್ನು ತಡೆಯಲು ಎಲೆಯನ್ನೇ ಬಿಟ್ಟುಕೊಡುವುದು ಆ ದಾಟುವಿಕೆಯ ಒಂದು ಉಪಾಯ. ಒಂದೊಂದು ಜಾತಿಯ ಬೇರು ಒಂದೊಂದು ಆಳಕ್ಕಿರುವುದರಿಂದ ಇಲ್ಲಿ ಒಂದೊಂದು ಮರಕ್ಕೂ ಒಂದೊಂದು ಪಂಚಾಂಗ. ಬೂರುಗ ಜನವರಿಯಲ್ಲೇ ಬರಿದಾಗಿ ಹೂಬಿಡಲು ತೊಡಗಿದ್ದರೆ, ಅದರ ಪಕ್ಕದ ಸಾಗವಾನಿ ಇನ್ನೂ ತನ್ನ ಅಗಲದ ಎಲೆಗಳನ್ನು ಒಣಗಿಸಿಕೊಂಡು ಹಿಡಿದಿರುತ್ತದೆ.

ಹಾಗಿದ್ದರೂ ಜನವರಿಯ ಕೊನೆ ಮತ್ತು ಫೆಬ್ರವರಿಯ ಆರಂಭದ ನಡುವೆ ಹಲವು ಜಾತಿಗಳ ಬಣ್ಣ ಒಂದರ ಮೇಲೊಂದು ಬೀಳುವ ಎಂಟು ಹತ್ತು ದಿನಗಳಿವೆ. ಮರಾಠಿಗರು ಕುಂಭಾ ಎನ್ನುವ, ನಮ್ಮ ಕಡೆಯ ಕೌಲು ಮರ ಆಗ ಕೆಂಪಾಗುತ್ತದೆ. ಅವರ ಐನ್, ನಮ್ಮ ಮತ್ತಿ, ಕಂದು ಹಳದಿಗೆ ಬರುತ್ತದೆ. ನಂದಿಯ ಎಲೆ ತಾಮ್ರವಾಗುತ್ತದೆ. ನನ್ನ ಲೆಕ್ಕದಲ್ಲಿ ತುಂಬಿದ ವಾರವೆಂದರೆ ಇದು. ಮರದ ಒಳಗೆ ಆಗ ನಡೆಯುತ್ತಿರುವುದು ಒಂದು ಬಗೆಯ ಗಂಟುಮೂಟೆ ಕಟ್ಟುವ ಕೆಲಸ. ಹಸಿರನ್ನು ಕೊಡುವ ಕ್ಲೋರೋಫಿಲ್ ಒಡೆದು, ಎಲೆಯಲ್ಲಿದ್ದ ಸಾರಜನಕವೂ ರಂಜಕವೂ ಕೊಂಬೆಗೆ ಹಿಂತಿರುಗುತ್ತವೆ. ಮೊದಲಿನಿಂದಲೂ ಎಲೆಯಲ್ಲೇ ಇದ್ದು ಹಸಿರಿನಡಿ ಮರೆಯಾಗಿದ್ದ ಹಳದಿ ಹೊರಗೆ ಕಾಣುತ್ತದೆ. ಕೆಂಪು ಹಾಗಲ್ಲ, ಅದು ಎಲೆಯ ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಾಗುವ ಬಣ್ಣ. ಎಲ್ಲ ಮುಗಿದ ಮೇಲೆ ಉಳಿಯುವ ಕಂದು ಟ್ಯಾನಿನ್‌ನದು. ತೊಟ್ಟಿನ ಬುಡದಲ್ಲಿ ಕೋಶಗಳ ಒಂದು ತೆಳು ಪದರ ಸಡಿಲಗೊಂಡು ಎಲೆ ಕಳಚಿಕೊಳ್ಳುತ್ತದೆ.

ನಾಲ್ಕು ವರ್ಷ ನಾನು ತೆಗೆದ ಚಿತ್ರಗಳೆಲ್ಲ ಆ ಎಂಟು ಹತ್ತು ದಿನಗಳವು. ಅವುಗಳಲ್ಲಿ ಎರಡನ್ನು ಹೊರತುಪಡಿಸಿ ಯಾವುದನ್ನೂ ಗೋಡೆಗೆ ಹಾಕಬೇಕೆಂದು ನನಗೆ ಅನ್ನಿಸಿರಲಿಲ್ಲ, ಏಕೆಂದು ಮಾತ್ರ ಸರಿಯಾಗಿ ತಿಳಿದಿರಲಿಲ್ಲ. ಚೌಕಟ್ಟಿನ ನಾಲ್ಕು ಮೂಲೆಯವರೆಗೂ ಬಣ್ಣ ತುಂಬಿಕೊಂಡಿರುವಾಗ ಕಣ್ಣಿಗೆ ಎಲ್ಲಿಯೂ ಹೋಗಬೇಕಾದ ಅಗತ್ಯವಿಲ್ಲ, ಹೋದರೂ ತಂಗಲು ಜಾಗವಿಲ್ಲ ಎಂಬುದು ಈಗ ಹೊಳೆಯುತ್ತಿದೆ. ಕಾಂಡ ಎಲ್ಲಿಂದ ಹೊರಟು ಎಲ್ಲಿ ಕವಲಾಯಿತು ಎಂಬುದು ಎಲೆಯ ಹಿಂದೆ ಮುಚ್ಚಿಹೋಗಿರುತ್ತದೆ. ಮೇಲಾಗಿ ಅಂಥ ಚಿತ್ರಗಳಲ್ಲಿ ಒಂದು ತಾಂತ್ರಿಕ ದೋಷವೂ ಸುಲಭವಾಗಿ ನುಸುಳುತ್ತದೆ. ಹಿಂಬೆಳಕಿನಲ್ಲಿ ಉರಿಯುವ ಕೌಲಿನ ಎಲೆಗೆ ಕ್ಯಾಮೆರಾ ತನ್ನ ಸರಾಸರಿ ಲೆಕ್ಕದಲ್ಲಿ ಬೆಳಕು ಅಳೆದರೆ ಬೆಳಕು ಕತ್ತಲೆಯ ಹಂಚಿಕೆ ತೋರಿಸುವ ಒಟ್ಟು ನಕ್ಷೆ, ಹಿಸ್ಟೋಗ್ರಾಂ, ಸರಿಯಾಗಿಯೇ ಕಾಣುತ್ತದೆ, ಆದರೆ ಕೆಂಪು ಬಣ್ಣದ ಪಾಲು ಒಂದೇ ಕ್ಯಾಮೆರಾ ಹಿಡಿಯಬಲ್ಲ ಮಿತಿ ಮೀರಿ, ನಕ್ಷೆಯ ಬಲ ಅಂಚಿಗೆ ಬಡಿದು ಎಲೆಯ ನರಗಳೂ ಮಡಿಕೆಗಳೂ ಅಳಿಸಿಹೋಗಿರುತ್ತವೆ. ಮೂರು ಬಣ್ಣಗಳ ಹಿಸ್ಟೋಗ್ರಾಂ ಬೇರೆ ಬೇರೆಯಾಗಿ ನೋಡುವ ಅಭ್ಯಾಸ ನನಗೆ ಬಂದದ್ದು ಮೂರನೆಯ ವರ್ಷ. ಅಷ್ಟರಲ್ಲಿ ನೂರಾರು ಎಲೆಗಳನ್ನು ಬರಿಯ ಕೆಂಪು ಕಲೆಗಳಾಗಿ ಮಾಡಿಬಿಟ್ಟಿದ್ದೆ.

21ರಂದು ಸೂರ್ಯೋದಯ ಏಳು ಗಂಟೆಯ ಸುಮಾರಿಗೆ. ಪೂರ್ವಕ್ಕೆ ಗುಡ್ಡಗಳಿರುವುದರಿಂದ ಕಣಿವೆಯೊಳಕ್ಕೆ ಬಿಸಿಲು ಇಳಿಯಲು ಇನ್ನೂ ಮುಕ್ಕಾಲು ಗಂಟೆ ಬೇಕು. ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳ ಕಡೆಗೆ ಹೋಗುವ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ, ಯಾವಾಗಲೂ ನಿಲ್ಲುವ ತಿರುವಿನಲ್ಲಿ ನಿಂತೆ. ಇದು ಚಿರತೆಗಳಿರುವ ಕಾಡು, ರಸ್ತೆ ಬಿಟ್ಟು ಒಳಗೆ ನುಗ್ಗುವಂತಿಲ್ಲ. ನನ್ನ ಚಿತ್ರಗಳೆಲ್ಲ ರಸ್ತೆಯ ಅಂಚಿನಿಂದ ತೆಗೆದವೇ. ಹಿಂದಿನ ವರ್ಷಗಳಲ್ಲಿ ಆ ತಿರುವಿನಿಂದ ಎಲೆಗಳ ಒಂದು ಗೋಡೆ ಕಾಣುತ್ತಿತ್ತು. ಈಗ ಗೋಡೆ ಇರಲಿಲ್ಲ. ಅದರ ಹಿಂದೆ ಇಳಿಜಾರೊಂದು ಇದೆ ಎಂಬುದೇ ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ. ಇಳಿಜಾರಿನಲ್ಲಿ ಕರಿಗಲ್ಲಿನ ಬಂಡೆಗಳು, ಬಂಡೆಗಳ ನಡುವೆ ಒಂದು ಕಾಂಡೋಳ್ ಮರ. ಮರಾಠಿಯಲ್ಲಿ ಭುತ್ಯಾ ಎಂದೂ ಕರೆಯುತ್ತಾರೆ, ಕತ್ತಲಲ್ಲಿ ಭೂತದಂತೆ ಬಿಳಿದಾಗಿ ನಿಲ್ಲುವುದರಿಂದ. ಅದರ ತೊಗಟೆ ಕಾಗದದಂತೆ ಸುಲಿದುಕೊಂಡು ಒಳಗಿನ ನಸುಗೆಂಪು ಕಾಣುತ್ತಿತ್ತು. ಆ ಮರ ಅಲ್ಲಿ ಎಷ್ಟೋ ವರ್ಷಗಳಿಂದ ನಿಂತಿರಬೇಕು. ನಾಲ್ಕು ವರ್ಷ ನಾನು ಅದರತ್ತಲೇ ಲೆನ್ಸ್ ತಿರುಗಿಸಿ ನಿಂತಿದ್ದೆ, ನೋಡಿರಲಿಲ್ಲ.

ಬಿಸಿಲು ಬಂದ ಮೇಲೆ ಆದ ಬದಲಾವಣೆಯನ್ನು ವಿವರವಾಗಿ ಹೇಳಬೇಕು, ಈ ಬರಹಕ್ಕೆ ಅದೇ ಕಾರಣ. ಮರಗಳ ನೆತ್ತಿ ತುಂಬಿರುವಾಗ ಕೆಳಗಿಳಿಯುವ ಬೆಳಕು ಎಲೆಗಳ ಮೂಲಕ ಸೋಸಿ ಬರುತ್ತದೆ. ಆದ್ದರಿಂದ ನೆಲಕ್ಕೂ ಕಾಂಡಕ್ಕೂ ಮನುಷ್ಯರ ಮುಖಕ್ಕೂ ಒಂದು ಹಸಿರು ಅಥವಾ ಹಳದಿ ಛಾಯೆ ಹತ್ತಿಕೊಂಡಿರುತ್ತದೆ. ನೆತ್ತಿ ಬರಿದಾದೊಡನೆ ನೆಲಕ್ಕೆ ಎರಡು ಬೆಳಕುಗಳು ಬರುತ್ತವೆ. ಒಂದು ಕೊಂಬೆಗಳ ನಡುವಿನಿಂದ ಓರೆಯಾಗಿ ಬೀಳುವ ಬೆಳಗಿನ ಬಿಸಿಲು, ಅದು ಬಂಗಾರದ ಬಣ್ಣದ್ದು. ಇನ್ನೊಂದು ಬಿಸಿಲು ತಾಗದ ಜಾಗಕ್ಕೆ ತೆರೆದ ಆಕಾಶದಿಂದಲೇ ಇಳಿಯುವ ಬೆಳಕು, ಅದು ನೀಲಿ. ಹೀಗಾಗಿ ಉದುರಿದ ಎಲೆಗಳ ಹಾಸಿನ ಮೇಲೆ ಒಂದೊಂದು ಕೊಂಬೆಯ ನೆರಳೂ ತೆಳುವಾದ ನೀಲಿ ಗೆರೆಯಾಗಿ ಬಿದ್ದಿರುತ್ತದೆ. ಕಂದು ಮತ್ತು ಕಿತ್ತಳೆಯ ಪಕ್ಕದಲ್ಲಿ ಆ ನೀಲಿ ಇದ್ದರೆ ಎರಡೂ ಒಂದನ್ನೊಂದು ಎತ್ತಿ ಹಿಡಿಯುತ್ತವೆ. ತುಂಬಿದ ವಾರದಲ್ಲಿ ಬಣ್ಣವೆಲ್ಲ ಮೇಲಿರುತ್ತದೆ. ಇಳಿದ ಮೇಲೆ ಅದೇ ಬಣ್ಣ ನೆಲದಲ್ಲಿರುತ್ತದೆ, ಅದರ ಮೇಲೆ ಮರ ತನ್ನ ಚಿತ್ರವನ್ನು ತಾನೇ ಬರೆದಿರುತ್ತದೆ.

ಆದರೆ ಆ ನೀಲಿಯನ್ನು ಕಣ್ಣು ಸುಲಭಕ್ಕೆ ಒಪ್ಪುವುದಿಲ್ಲ. ನೆರಳು ಎಂದರೆ ಕಪ್ಪು ಅಥವಾ ಬೂದು ಎಂದು ನಮ್ಮ ಮನಸ್ಸು ತಿದ್ದಿಕೊಂಡುಬಿಡುತ್ತದೆ. ಬೆಳಕಿನ ಬಣ್ಣವನ್ನು ತಾನಾಗಿಯೇ ಸರಿದೂಗಿಸುವ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಕೂಡ ತನ್ನದೇ ರೀತಿಯಲ್ಲಿ ತಿದ್ದುತ್ತದೆ, ಒಂದು ಚಿತ್ರದಲ್ಲಿ ಬಂಗಾರವನ್ನು ತಣ್ಣಗೆ ಮಾಡಿ, ಮುಂದಿನದರಲ್ಲಿ ನೀಲಿಯನ್ನು ಬೆಚ್ಚಗೆ ಮಾಡಿ. ಅದಕ್ಕಾಗಿ ನಾನು ಕಾಡಿನಲ್ಲಿ ಅದನ್ನು ಬಿಸಿಲಿನ ಬೆಳಕಿಗೆ, ಬೆಳಕಿನ ಬಣ್ಣದ ಅಳತೆಯಲ್ಲಿ ಸುಮಾರು 5200 ಕೆಲ್ವಿನ್‌ಗೆ, ಕಟ್ಟಿಹಾಕಿಬಿಡುತ್ತೇನೆ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲ್ ತೆಗೆಯುವವರಿಗೆ ಇದು ಅನಗತ್ಯ, ಮನೆಯಲ್ಲಿ ಬದಲಿಸಬಹುದಲ್ಲ ಎಂದು ಹೇಳುವವರಿದ್ದಾರೆ. ಬದಲಿಸಬಹುದು, ನಿಜ. ಆದರೆ ಸ್ಥಳದಲ್ಲಿ ಕ್ಯಾಮೆರಾದ ಹಿಂಬದಿಯ ತೆರೆಯಲ್ಲಿ ಏನು ಕಂಡಿತೋ ಅದರ ಮೇಲೆಯೇ ನಾನು ಮುಂದಿನ ಹೆಜ್ಜೆ ಎಲ್ಲಿಡಬೇಕೆಂದು ತೀರ್ಮಾನಿಸುತ್ತೇನೆ; ಅಲ್ಲಿ ನೀಲಿ ಕಾಣದಿದ್ದರೆ ನೆರಳನ್ನು ಹುಡುಕುತ್ತ ಹೋಗುವುದೇ ಇಲ್ಲ.

ಹೊಳಪು ಕಳೆಯಲು ಲೆನ್ಸಿನ ಮುಂದೆ ಹಾಕುವ ಗಾಜು, ಪೋಲರೈಸರ್, ಅದರ ಬಗ್ಗೆಯೂ ಒಂದು ಮಾತು. ಹಸಿ ಎಲೆಯ ಮೇಲಿನ ಮೇಣದ ಹೊಳಪನ್ನು ಅದು ಕಳೆಯುವುದರಿಂದ ತುಂಬಿದ ವಾರದಲ್ಲಿ ಅದಿಲ್ಲದೆ ನಾನು ಕಾಡಿಗೆ ಹೋಗುತ್ತಿರಲಿಲ್ಲ. ಒಣಗಿದ ಎಲೆಗೆ ಆ ಮೇಣದ ಹೊಳಪು ಕಡಿಮೆ, ಅಂಚುಗಳು ಸುರುಳಿ ಸುತ್ತಿ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತವೆ. ಅಲ್ಲಿ ಪೋಲರೈಸರ್ ಮಾಡುವ ಉಪಕಾರ ಸಣ್ಣದು, ನುಂಗುವ ಬೆಳಕು ಮಾತ್ರ ಒಂದೂವರೆಯಿಂದ ಎರಡು ಸ್ಟಾಪ್, ಅಂದರೆ ಅರ್ಧಕ್ಕಿಂತಲೂ ಹೆಚ್ಚು. ಆ ದಿನ ತೆಗೆದು ಚೀಲದಲ್ಲಿಟ್ಟೆ. ಇಬ್ಬನಿ ಬಿದ್ದ ಎಲೆಗಳಿಗೆ ಮಾತ್ರ ಮತ್ತೆ ಹಾಕಬೇಕಾಯಿತು. ನೀರು ಒಣಗಿದೆಲೆಯ ಒರಟು ಮೈಯನ್ನು ತುಂಬಿದಾಗ ಚೆದುರುವ ಬೆಳಕು ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ, ಆದರೆ ಆ ನೀರಿನ ಮೇಲೆಯೇ ಆಕಾಶ ಹೊಳೆಯುತ್ತಿರುತ್ತದೆ. ಆ ಹೊಳಪನ್ನು ಪೂರ್ತಿ ಕಳೆಯದೆ ಅರ್ಧಕ್ಕೆ ನಿಲ್ಲಿಸಿದರೆ ಚೆನ್ನ. ಎಂಟೂವರೆಯ ಹೊತ್ತಿಗೆ ಇಬ್ಬನಿ ಆರಿತ್ತು.

ಲೆನ್ಸ್ 70-200 ಮಿಲಿಮೀಟರ್. ಬರಿದಾದ ಕಾಡನ್ನು ಅಗಲದ ಲೆನ್ಸಿನಲ್ಲಿ ತೆಗೆದರೆ ಕಡ್ಡಿಗಳ ರಾಶಿಯಾಗಿಬಿಡುತ್ತದೆ, ಮೇಲಿನ ಬಿಳಿ ಆಕಾಶವೂ ಒಳಗೆ ನುಗ್ಗುತ್ತದೆ. ದೂರದ ಲೆನ್ಸಿನಿಂದ ಇಳಿಜಾರಿನ ಒಂದು ತುಂಡನ್ನು ಬಿಡಿಸಿಕೊಂಡರೆ ಆಕಾಶ ಹೊರಗುಳಿದು, ಕಾಂಡಗಳು ಒಂದರ ಹಿಂದೊಂದು ನಿಲ್ಲುತ್ತವೆ. ಮುಂಬಯಿಯ ಫೆಬ್ರವರಿಯ ಬೆಳಗಿನ ಮಬ್ಬು ಇಲ್ಲಿ ಸಹಾಯಕ್ಕೆ ಬರುತ್ತದೆ. ಉಸಿರಿಗೆ ಅದು ಒಳ್ಳೆಯದಲ್ಲವೆಂದು ಬಲ್ಲೆ, ಆದರೂ ಹಿಂದಿನ ಸಾಲಿನ ಮರಗಳನ್ನು ಅದು ಸ್ವಲ್ಪ ಸ್ವಲ್ಪವೇ ಮಾಸಲು ಮಾಡಿ ಹತ್ತಿರ ಯಾವುದು, ದೂರ ಯಾವುದು ಎಂದು ತಿಳಿಸುತ್ತದೆ. ಲೆನ್ಸಿನ ಕಿಂಡಿಯನ್ನು, ಅಪರ್ಚರನ್ನು, ಕಿರಿದು ಮಾಡಿ ಎಫ್ 11ಕ್ಕೆ ಇಟ್ಟು ಶಟರ್ ನಿಧಾನಗೊಳಿಸಿದೆ. ಭೂಮಿಯ ಕಡೆಯಿಂದ ಬರುವ ಬೆಳಗಿನ ಗಾಳಿ ಮೆತ್ತಗಿರುತ್ತದೆ. ಹೊತ್ತೇರಿ ಕಡಲಗಾಳಿ ಶುರುವಾದ ಮೇಲೆ ಉಳಿದ ಎಲೆಗಳೂ ಅಲುಗಾಡತೊಡಗುವುದರಿಂದ ಕೆಲಸ ಅಷ್ಟರೊಳಗೆ ಮುಗಿಯಬೇಕು.

ಉಳಿದ ಎಲೆಗಳು ಎಂದೆ. ಬಣ್ಣ ಇಳಿದ ಕಾಡಿನಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಅವೇ. ಕೌಲಿನ ಒಂದು ಮರದಲ್ಲಿ ಹನ್ನೊಂದು ಎಲೆಗಳಿದ್ದವು, ಎಣಿಸಿದೆ. ಮರ ತುಂಬ ಕೆಂಪಿದ್ದಾಗ ಒಂದೆಲೆಯನ್ನೂ ನಾನು ಎಣಿಸಿದವನಲ್ಲ. ಒಂದೊಂದು ಎಲೆಯ ಹಿಂದೆ ಯಾವ ಕಾಂಡ ಬರಬೇಕು, ಎಲೆಯ ಅಂಚು ಹಿಂದಿನ ಬಂಡೆಯ ಬಿಸಿಲಿಗೆ ತಾಗಬೇಕೇ ನೆರಳಿಗೆ ತಾಗಬೇಕೇ ಎಂದು ಅರ್ಧ ಅಡಿ ಎಡಕ್ಕೆ, ಅರ್ಧ ಅಡಿ ಬಲಕ್ಕೆ ಸರಿಯುತ್ತ ಒಂದು ಗಂಟೆ ಕಳೆಯಿತು. ನೆಲದಲ್ಲಿ ಸಾಗವಾನಿಯ ಎಲೆಗಳಿದ್ದವು, ಕೆಲವು ಬರಿಯ ನರಗಳ ಜಾಲರಿ. ಮಳೆಗಾಲದ ಕೊನೆಗೆ ಒಂದು ಜಾತಿಯ ಪತಂಗದ ಹುಳುಗಳು ಹಸಿರನ್ನೆಲ್ಲ ಕೆರೆದು ತಿಂದು ನರಗಳನ್ನು ಬಿಟ್ಟಿರುತ್ತವೆ. ಆ ಜಾಲರಿಯ ನೆರಳು ಕೆಳಗಿನ ಎಲೆಯ ಮೇಲೆ ಬಿದ್ದು ಇನ್ನೊಂದು ಜಾಲರಿಯಾಗಿತ್ತು. ಮೇಲಿನ ಇಳಿಜಾರಿನಲ್ಲಿ 2024ರಲ್ಲಿ ಹೂಬಿಟ್ಟು ಮುಗಿಸಿದ ಕಾರ್ವಿಯ ಒಣಕಡ್ಡಿಗಳು ಒತ್ತಾಗಿ ನಿಂತಿದ್ದವು. ಎಂಟು ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ ಅದು. ನೇರಳೆ ಹೂವಿನ ವರ್ಷ ಅಲ್ಲಿ ಕ್ಯಾಮೆರಾಗಳ ಸಂತೆಯೇ ಇತ್ತು.

ಒಂಬತ್ತಕ್ಕೆ ಕಾನ್ಹೇರಿ ತಲುಪಿ ಗುಹೆಗಳ ಮೇಲಿನ ಬಂಡೆಗೆ ಹತ್ತಿದೆ. ಇಲ್ಲಿಯ 9ನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟರ ಅಮೋಘವರ್ಷನ ಹೆಸರಿದೆ; ಮುಂಬಯಿಯ ಕಾಡಿನ ನಡುವೆ ನಮ್ಮ ಮಾನ್ಯಖೇಟದ ಅರಸನ ಗುರುತು ಎಂದು ಪ್ರತಿ ಸಲವೂ ಒಂದು ಸಂತೋಷವಾಗುತ್ತದೆ. ಸುಮಾರು 104 ಚದರ ಕಿಲೋಮೀಟರಿನ ಉದ್ಯಾನದ ಒಂದು ಭಾಗ ಆ ಬಂಡೆಯಿಂದ ಮೇಲಿಂದ ಕೆಳಕ್ಕೆ ನೋಡಿದಂತೆ ಕಾಣುತ್ತದೆ. ಹಿಂದೆ ಅಲ್ಲಿಂದ ತೆಗೆದ ಚಿತ್ರಗಳಲ್ಲಿ ಬಣ್ಣಬಣ್ಣದ ದಿಬ್ಬಗಳಿವೆ. ಈ ಸಲ ಬೂದು ಕೊಂಬೆಗಳ ಬಲೆ, ಬಲೆಯ ನಡುವೆ ಹಾವಿನಂತೆ ಹರಿದುಹೋದ ಒಂದು ಹಸಿರು ಗೆರೆ. ನೀರಿನ ಪಸೆ ಉಳಿದ ಹಳ್ಳದ ದಂಡೆಯಲ್ಲಿ ಮಾವು, ನೇರಳೆ, ಹೊಂಗೆ ಎಲೆ ಬಿಡದೆ ನಿಂತಿರುವುದರಿಂದ ಹಳ್ಳದ ದಾರಿಯೇ ಹಾಗೆ ಕಾಣುತ್ತಿತ್ತು. ಅಕ್ಕಪಕ್ಕದವು ಬರಿದಾಗುವವರೆಗೆ ಆ ಗೆರೆಯನ್ನು ಬೇರ್ಪಡಿಸಿ ನೋಡಲು ಸಾಧ್ಯವಿರಲಿಲ್ಲ. ಚಿತ್ರವೆಂದು ನನಗೆ ಆ ದಿನ ಮೊದಲು ತೃಪ್ತಿಯಾದದ್ದು ಅಲ್ಲಿ.

ಇಳಿಯುವಾಗ ರಸ್ತೆಯ ಬದಿಯಲ್ಲಿ ಅರಣ್ಯ ಸಿಬ್ಬಂದಿ ಎಲೆಗಳನ್ನು ಗುಡಿಸಿ ಬೆಂಕಿರೇಖೆ ತೆಗೆಯುತ್ತಿದ್ದರು. ಇಷ್ಟು ಒಣಗಿದೆಲೆ ಬಿದ್ದ ಕಾಡಿಗೆ ಒಂದು ಬೀಡಿಯ ತುಂಡು ಸಾಕಾಗುವುದರಿಂದ ಬೇಸಿಗೆಗೆ ಮೊದಲು ನೆಲದ ಪಟ್ಟಿಯೊಂದನ್ನು ಬರಿದು ಮಾಡಿಡುತ್ತಾರೆ. ಕೆಂಪು ಮಣ್ಣಿನ ಆ ಪಟ್ಟಿಯನ್ನು ಚಿತ್ರದಿಂದ ತಪ್ಪಿಸಲು ನಾನು ಎಷ್ಟೋ ಸಲ ಜಾಗ ಬದಲಿಸಿದ್ದೇನೆ. ಈ ಸಲ ಸೇರಿಸಿಯೇ ತೆಗೆದೆ.

ರಾತ್ರಿ ಕಂಪ್ಯೂಟರಿನ ಮುಂದೆ ಕೂತಾಗ ಹಳೆಯ ಅಭ್ಯಾಸ ಕೈಗೆ ಬಂತು. ಎಲೆಯುದುರುವ ಕಾಲದ ಚಿತ್ರ ಬೆಚ್ಚಗಿರಬೇಕು ಎಂಬ ನಂಬಿಕೆಯಲ್ಲಿ ವೈಟ್ ಬ್ಯಾಲೆನ್ಸಿನ ಪಟ್ಟಿಯನ್ನು 6500ಕ್ಕೆ ಎಳೆದೆ. ನೆರಳಿನ ನೀಲಿ ಬೂದಾಯಿತು, ಆಮೇಲೆ ಕಂದಾಯಿತು, ಚಿತ್ರವೆಲ್ಲ ಬಂಗಾರದ ಬಣ್ಣಕ್ಕೆ ಬಂತು. ಕಾಂಡೋಳ್ ಇರುವ ಚಿತ್ರವನ್ನು ಹಾಗೆಯೇ ಒಂದು, 5200ರಲ್ಲಿ ಇದ್ದಂತೆಯೇ ಇನ್ನೊಂದು, ಎರಡು ಪ್ರತಿ ಮುದ್ರಿಸಿ ತಂದು ಮೇಜಿನ ಮೇಲಿಟ್ಟೆ.

ಆಯಿಗೆ ಚಿತ್ರಗಳಲ್ಲಿ ಆಸಕ್ತಿ ಹೆಚ್ಚಿಲ್ಲ, ಕಾಡಿನಲ್ಲಿ ಇದೆ. ನಮ್ಮಲ್ಲಿ ಅಡಿಕೆ ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟದಲ್ಲಿ ಬೇಸಿಗೆಗೆ ಮೊದಲು ಒಣಗಿದೆಲೆ, ನಮ್ಮ ಮಾತಿನ ದರಕು, ಗುಡಿಸಿ, ಹಗ್ಗದ ಬಲೆಯ ಕಲ್ಲಿಯಲ್ಲಿ ತುಂಬಿ, ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಾರೆ. ಐವತ್ತು ವರ್ಷ ಆಕೆ ಮಾಡಿದ ಕೆಲಸ. ಮೊದಲು ಬಂಗಾರದ ಪ್ರತಿಯನ್ನು ಎತ್ತಿಕೊಂಡು, ಬಿದ್ದ ಎಲೆಯ ಹಾಸನ್ನು ನೋಡಿ ಕೇಳಿದಳು: "ಇಷ್ಟೆಲ್ಲ ದರಕು ಬಿದ್ದಿದ್ದು, ಯಾರೂ ಗುಡಸ್ತ್ವಿಲ್ಯ?" ಮತ್ತಿ ಯಾವುದು, ಕೌಲು ಯಾವುದು ಎಂದು ನೆಲದ ಎಲೆಗಳನ್ನು ಬೆರಳಿಟ್ಟು ಹೇಳಿದಳು. ಆಮೇಲೆ ಎರಡನೆಯ ಪ್ರತಿ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದಳು, ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದಳು. ಎಡಗಣ್ಣಿನ ಪೊರೆ ಇನ್ನೂ ತೆಗೆದಿಲ್ಲ. ವಯಸ್ಸಾದಂತೆ ಹಳದಿಗಟ್ಟುವ ಕಣ್ಣಿನ ಮಸೂರ ನೀಲಿಯನ್ನು ತಡೆಯುತ್ತದೆ; ಅದನ್ನು ತೆಗೆದು ತಿಳಿಯಾದ ಮಸೂರ ಕೂರಿಸಿದ ಮೇಲೆ ಬಹಳ ಜನರಿಗೆ ಮೊದಲು ಕಣ್ಣಿಗೆ ಬೀಳುವ ವ್ಯತ್ಯಾಸ ನೀಲಿಯದೇ.

"ನೆರಳು ನೀಲಿ ಇದ್ದು ತಮಾ," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಇಷ್ಟು ವರ್ಷ ಹಿಂಗೇ ಇತ್ತನಾ?"

ಇತ್ತು ಎಂದೆ. ಬಂಗಾರದ ಪ್ರತಿಯನ್ನು ಆಕೆ ಚಹಾ ಬಿದ್ದ ಕಾಗದ ಎಂದು ಬದಿಗಿಟ್ಟಳು. ಇನ್ನೊಂದು ಈಗ ಅಡುಗೆಮನೆಯ ಕಿಟಕಿಯ ಪಕ್ಕದ ಗೋಡೆಯಲ್ಲಿದೆ.

ಆ ವಾರ ನಾಲ್ಕು ವರ್ಷಗಳ ಹಳೆಯ ಫೈಲುಗಳನ್ನೆಲ್ಲ ತೆರೆದು, ನಾನು ಬೆಚ್ಚಗೆ ಮಾಡಿದ್ದನ್ನು ಒಂದೊಂದಾಗಿ 5200ಕ್ಕೆ ತಂದು ನೋಡಿದೆ. ನೆತ್ತಿ ಮುಚ್ಚಿದ್ದ ಕಾಡಿನಲ್ಲಿ ಆಕಾಶದ ಬೆಳಕು ನೆಲ ಮುಟ್ಟಿರಲಿಲ್ಲ, ಆದ್ದರಿಂದ ಸಿಗಬಾರದೆಂದೇ ಅಂದುಕೊಂಡಿದ್ದೆ. ಎರಡನೆಯ ವರ್ಷದ ಒಂದು ಚಿತ್ರದಲ್ಲಿ ಸಿಕ್ಕಿತು. ನಡುವೆ ಕೌಲು ಕೆಂಪಾಗಿ ಉರಿಯುತ್ತಿದೆ, ನಾನು ಆ ದಿನ ನೋಡಿದ್ದು ಅದನ್ನೇ. ಕೆಳಗಿನ ಎಡಮೂಲೆಯಲ್ಲಿ, ಎಲ್ಲಕ್ಕಿಂತ ಮೊದಲು ಎಲೆ ಉದುರಿಸಿಕೊಂಡು ನಿಂತ ಬೂರುಗವೊಂದರ ಬುಡ, ಅದರ ಬಳಿ ಬಿದ್ದ ಒಂದೇ ಒಂದು ಹೂವು, ಹೂವಿನ ಪಕ್ಕದಲ್ಲಿ ಅಂಗೈ ಅಗಲದ ನೀಲಿ ನೆರಳು.